ಐದು ಕಡ್ಡಿ ಎತ್ತರ

ಜೋಗಿಮಟ್ಟಿಯ ಎತ್ತರ ಎಷ್ಟು ಎಂದರೆ
ಫಲಕ ಒಂದು ಹೇಳುತ್ತದೆ, ನಕ್ಷೆ ಇನ್ನೊಂದು.
ಕಾವಲಿನ ಪಾಲಯ್ಯನದು ಬೇರೆಯೇ ಲೆಕ್ಕ:
ಕೆಳಗೆ, ಆಡುಮಲ್ಲೇಶ್ವರದ ಗೇಟಿನಲ್ಲಿ,
ಒಂದು ಬೀಡಿಗೆ ಒಂದೇ ಕಡ್ಡಿ.
ತಿರುವು ಹತ್ತಿದಂತೆ ಎರಡು, ಮೂರು.
ನೆತ್ತಿಯ ಮೇಲೆ ಐದು.
ಆಷಾಢದಲ್ಲಾದರೆ,
‘ಪೊಟ್ಣ ಖಾಲಿಯಾಗ್ತೈತೆ ಸಾ, ಬೀಡಿ ಹಂಗೇ ಇರ್ತೈತೆ.’

ನಾನು ಹೋದದ್ದು ಪುನರ್ವಸು ಹುಟ್ಟಿದ ವಾರ,
ತಾನೇ ಅಳೆದು ತಾನೇ ಬರೆದುಕೊಳ್ಳುವ ಯಂತ್ರವೊಂದನ್ನು
ನೆಡುವುದಕ್ಕೆ.
ಹಾರೆಗೆ ನೆಲ ಒಪ್ಪಲಿಲ್ಲ.
ಕೋಟೆ ಕಡೆಯ ಕಲ್ಲು ಗುಂಡು, ಸಂಜೆಯಾದರೂ ಬಿಸಿ,
ಬಂದವರನ್ನು ಕೂರಿಸಿಕೊಳ್ಳುತ್ತದೆ.
ಇಲ್ಲಿಯದು ಪದರ ಪದರ, ಮಾಸಿದ ಹಸಿರು,
ಅಂಚಿಗೆ ಉಳಿ ಇಟ್ಟರೆ
ಹಳೇ ಖಾತೆ ಪುಸ್ತಕದಂತೆ ಬಿಚ್ಚಿಕೊಳ್ಳುತ್ತದೆ,
ಒಳಗೆ ಒಂದಕ್ಷರವಿಲ್ಲ.
‘ಸಮುದ್ರದ ತಳದಲ್ಲಿ ಆದ ಕಲ್ಲು ಇದು’ ಎಂದೆ.
ಪಾಲಯ್ಯ ಒಂದು ಚೂರು ಎತ್ತಿ
ನೆಕ್ಕಿ ನೋಡಿದ.
‘ಉಪ್ಪೇ ಇಲ್ಲ.’

ಗಾಳಿಯ ಬಗ್ಗೆ ಓದಿಕೊಂಡೇ ಹೋಗಿದ್ದೆ:
ಪಡುವಲಿಂದ ಹೊರಟದ್ದು ಘಟ್ಟದಲ್ಲಿ ಹೊರೆ ಇಳಿಸಿ
ನಮ್ಮ ಸೀಮೆಗೆ ಬರಿಗೈಲಿ ಬರುತ್ತದೆ ಎಂದು.
ಬರಿಗೈಯ ಪೆಟ್ಟು ಹೇಗಿರುತ್ತದೆಂದು
ಯಾವ ಪುಟದಲ್ಲೂ ಇರಲಿಲ್ಲ.
ಬಾದೆಹುಲ್ಲು ನೆಟ್ಟಗೆ ನಿಲ್ಲುವುದನ್ನು ಮರೆತಿತ್ತು.
ಬಂದರಿಕೆ ಗಿಡಗಳೆಲ್ಲ ಮೂಡಲಿಗೆ ಬಾಗಿ
ಯಾರದೋ ಚಾಡಿ ಕೇಳಿಸಿಕೊಳ್ಳುತ್ತಿದ್ದವು.
ಆಚೆ ಸಾಲಿನಲ್ಲಿ ಗಾಳಿಯಂತ್ರಗಳು
ಬಿಳಿ ತೋಳು ಬೀಸಿ ಬೀಸಿ
ಕರೆಂಟು ಹುಟ್ಟಿಸಿ ಎಲ್ಲಿಗೋ ಕಳಿಸುತ್ತಿದ್ದವು.
ಪಾಲಯ್ಯನ ಕೋಣೆಯಲ್ಲಿ ಚಿಮಣಿ ಬುಡ್ಡಿ.

ಮೋಡ ಬಂತು.
ಮೇಲಿಂದಲ್ಲ, ಪಕ್ಕದಿಂದ, ಕದ ತಟ್ಟದ ನೆಂಟರ ಹಾಗೆ.
ಮೊದಲು ಕೋಟೆ ಹೋಯಿತು. ಆಮೇಲೆ ಊರು,
ಹೆದ್ದಾರಿಯ ಲಾರಿಗಳು, ದೂರದಲ್ಲಿ
ತಗಡಿನ ಚೂರಿನಂತೆ ಮಿನುಗುತ್ತಿದ್ದ ಮಾರಿಕಣಿವೆ ನೀರು,
ಕೊನೆಗೆ ನನ್ನ ಬೂಟು.
‘ಅಲ್ಲೇ ನಿಂತ್ಕಳಿ’ ಎಂದಿತು ಬಿಳುಪು,
ಪಾಲಯ್ಯನ ದನಿಯಲ್ಲಿ.
ನಿಂತೆ. ಎಲ್ಲೋ ನವಿಲೊಂದು
ತನ್ನನ್ನು ತಾನೇ ಹುಡುಕಿ ಕೂಗುತ್ತಿತ್ತು.

ಬೆಳಿಗ್ಗೆ ಎಂಟೂವರೆಗೆ ಹಳೇ ಮಳೆಮಾಪಕದ ಮುಚ್ಚಳ ತೆಗೆದ.
ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದ.
ಏನಿಲ್ಲ.
ರಾತ್ರಿಯಿಡೀ ಬೇಲಿಯ ಮೇಲಿದ್ದ ಕಂಬಳಿ ಹಿಂಡಿದ:
ಮುಕ್ಕಾಲು ಚೊಂಬು.
ಗಡ್ಡವನ್ನೂ ಹಿಂಡಿದ, ನನ್ನ ನಗಿಸಲು.
ಆಮೇಲೆ ರಿಜಿಸ್ಟರು ಬಿಚ್ಚಿ, ಪೆನ್ನಿನ ತುದಿಗೆ ಉಸಿರೂದಿ ಬರೆದ:
ಸೊನ್ನೆ. ಆದರೆ ಒದ್ದೆ.

ಹಿಂದಿನ ಪುಟ ತಿರುವಿದೆ. ಅದರ ಹಿಂದಿನದು.
ಹತ್ತೊಂಬತ್ತು ಮಳೆಗಾಲ, ಸೊನ್ನೆ, ಆದರೆ ಒದ್ದೆ.
ಒಂದು ಕಡೆ ಕೆಂಪು ಶಾಯಿಯಲ್ಲಿ ಮೇಲಿನವರ ಕೈಬರಹ:
ಅನಗತ್ಯ ಷರಾ ಬರೆಯಕೂಡದು.
ಅದರ ಕೆಳಗೆ ಮರುದಿನದ ತಾರೀಖು,
ಸೊನ್ನೆ. ಆದರೆ ಒದ್ದೆ.

ಅಷ್ಟು ಹೊತ್ತಿಗೆ ಕೆಳಗೆ, ಚಳ್ಳಕೆರೆ ರಸ್ತೆಯಲ್ಲಿ,
ಧೂಳು ಅಡಗಲೆಂದು ಯಾರೋ
ಹೋಟೆಲ್ಲಿನ ಮುಂದೆ ನೀರು ಚಿಮುಕಿಸುತ್ತಿರಬೇಕು.
ಒಂದೇ ಮೋಡ. ಇಲ್ಲಿ ಮೈಯೆಲ್ಲ ತೊಯ್ಯಿಸಿ
ಅಲ್ಲಿ ಬರೀ ನೆರಳಾಗಿ ಹಾಯುತ್ತದೆ.

ಯಂತ್ರ ನೆಟ್ಟಾಯಿತು. ಪರದೆಯಲ್ಲಿ ಮೊದಲ ಸಾಲು ಮೂಡಿತು:
ತೇವಾಂಶ ನೂರು.
‘ನೂರಕ್ಕೆ ನೂರಾ? ಯಾವ ಮೇಷ್ಟ್ರು ಕೊಟ್ಟಿದ್ದು?’
‘ಗಾಳಿಗೆ ಕೊಟ್ಟಿದ್ದು ಪಾಲಯ್ಯ.’
‘ಮಳೆಗೆ?’
‘ಸೊನ್ನೆ.’
‘ಅದೇ ಮತ್ತೆ’ ಎಂದು
ಗಾಳಿಗೆ ಬೆನ್ನು ಕೊಟ್ಟು ಕೂತು
ಎರಡು ಅಂಗೈ ಗೂಡು ಮಾಡಿ ಕಡ್ಡಿ ಗೀರಿದ.
ಒಂದು. ಎರಡು.
ನನಗೆ ಜೀಪಿನ ಹಾರನ್ನು ಕೇಳಿಸಿತು, ಇಳಿದೆ.

ಈಗ ದಿನಾ ಮೇಜಿಗೆ ಅಂಕಿಗಳು ಬರುತ್ತವೆ,
ಬಾಯಿಮುಚ್ಚಿಕೊಂಡು, ಸರಿಯಾಗಿ.
ಮೂರನೆಯದು ಹತ್ತಿತೋ, ಐದನೆಯದೋ,
ಅದಕ್ಕೊಂದು ಕಾಲಂ ಇಲ್ಲ.
ಕಾಗದ ಹಾರದಂತೆ ಇಟ್ಟಿದ್ದೇನೆ ಆ ಹಸಿರು ಚೂರು.
ಫ್ಯಾನಿನ ಗಾಳಿಗೆ ಅದರ ಭಾರ ಧಾರಾಳ ಸಾಕು.
ಒಮ್ಮೆ, ಎಲ್ಲರೂ ಊಟಕ್ಕೆ ಹೋದಾಗ,
ನಾನೂ ನೆಕ್ಕಿ ನೋಡಿದೆ.